ನೂರಿಪ್ಪತ್ತು, ಎಂಬತ್ತು

ಫಾಲ್ ರಿವರ್, ಮ್ಯಾಸಚೂಸೆಟ್ಸ್
ಅಕ್ಟೋಬರ್ 16, 2016, ಭಾನುವಾರ

ನನ್ನ ಮುದ್ದು ಮರೀಸಾ,

ನಿನ್ನ ಕಾಗದ ಬಂತು. ನೌಕಾಪಡೆಯವರು ತರಬೇತಿ ಮುಗಿಯುವವರೆಗೆ ಫೋನು ಕಿತ್ತಿಟ್ಟುಕೊಂಡದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಇಷ್ಟುದ್ದ ಬರೆಯುವ ಪೈಕಿಯೇ ನೀನು? ಕೂದಲು ಕತ್ತರಿಸಿದರು ಅಂತ ಅತ್ತುಬಿಟ್ಟೆಯಂತೆ. ಬೆಳೆಯುತ್ತದೆ ಬಿಡೇ.

ಕಾಲೇಜು ಮುಚ್ಚಿತಂತೆ, ಅಮ್ಮನೇ ಮುಚ್ಚಿಸಿದಳಂತೆ, ನಿಜವೇ ಅಂತ ಕೇಳಿದ್ದೀಯ. ಕೋನಿಯ ಮಗಳು ಬರೆದಿರಬೇಕು, ಅವಳ ಬಾಯಲ್ಲಿ ಒಂದು ಮಾತು ನಿಂತರೆ ಕೇಳು. ಅರ್ಧ ನಿಜ. ಪೂರ್ತಿ ನಾನೇ ಹೇಳುತ್ತೇನೆ.

ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಮುಗಿಸಿ ಕಾಲೇಜಿನಲ್ಲೇ ಕೆಲಸ ಸಿಕ್ಕಿತು ಅಂತ ನಿನಗೆ ಬಿಳಿ ಕೋಟಿನ ಫೋಟೋ ತೋರಿಸಿದ್ದೆ. ಆ ಕೋಟು ಹಾಕಿಕೊಂಡು ನಾನು ಮಾಡುತ್ತಿದ್ದದ್ದು ಕಾಫಿ. ಮುಂಬಾಗಿಲಲ್ಲಿ ಕೂತು ಬಂದವರಿಗೆ ನಗುವುದು, ಕಾಫಿ ಕೊಡುವುದು. ಹೊರಗಿನ ಒಂದು ಕ್ಲಿನಿಕ್ಕೂ ನಮ್ಮನ್ನು ತೆಗೆದುಕೊಳ್ಳಲಿಲ್ಲ, ಹಾಗಾಗಿ ಕಾಲೇಜಿನ ಯಜಮಾನ ಜೆಂಡ್ರನ್ ತಾನೇ ತೆಗೆದುಕೊಂಡ. ಅವನಿಗೂ ಬೇರೆ ದಾರಿ ಇರಲಿಲ್ಲ. ಕಲಿತವರಿಗೆ ಕಲಿತ ಕೆಲಸವೇ ಸಿಕ್ಕಿದೆ ಅಂತ ತೋರಿಸಿದರೆ ಮಾನ್ಯತೆ, ಮಾನ್ಯತೆ ಇದ್ದರೆ ವಿದ್ಯಾರ್ಥಿಗಳಿಗೆ ಸರ್ಕಾರದ ಸಾಲ, ಆ ಸಾಲ ನೇರ ಜೆಂಡ್ರನ್‌ನ ಜೇಬಿಗೆ. ನನಗೆ ಇದೆಲ್ಲ ಗೊತ್ತಿರಲಿಲ್ಲ ಅಂತ ಹೇಳಲಾರೆ. ಕೋಟು ಚೆನ್ನಾಗಿ ಕಾಣುತ್ತಿತ್ತು.

ನೀನು ಹೊರಟ ಮರುವಾರವೇ ಮಾನ್ಯತೆ ಕೊಡುವ ಸಂಘದವರು ಬಂದರು. ಹಿಂದೆಲ್ಲ ಬಂದರೆ ತಿಂಡಿ ತಿಂದು ಹೋಗುತ್ತಿದ್ದರಂತೆ. ಬರುವವರೂ ಇಂಥದೇ ಕಾಲೇಜುಗಳ ಮೇಷ್ಟ್ರುಗಳು. ಇವತ್ತು ನಾನು ನಿನ್ನದು ನೋಡುತ್ತೇನೆ, ನಾಳೆ ನೀನು ನನ್ನದು ನೋಡು ಅನ್ನುವ ನಂಟಸ್ತನ. ಆದರೆ ಈ ಸಲ ವಾಷಿಂಗ್ಟನ್ನಿನವರು ಆ ಸಂಘಕ್ಕೇ ಬಿಸಿ ಮುಟ್ಟಿಸಿದ್ದರು. ಜೆಂಡ್ರನ್ ಬೆಳಿಗ್ಗೆಯಿಂದಲೇ ಬೆವರುತ್ತಿದ್ದ. "ಲೂರ್ಡೆಸ್, ನಮ್ಮ ಕಾಲೇಜಿನ ಹೆಮ್ಮೆ ನೀನು. ಕೇಳಿದ್ದಕ್ಕೆಲ್ಲ ಹೌದು ಅಂದ್ಬಿಡು, ಜನವರಿಯಿಂದ ನೌಕರಿ ಖಾಯಂ," ಅಂದ. ಕ್ರಿಸ್‌ಮಸ್‌ಗೆ ಕೋರ್ಸ್ ಮುಗಿಸಬೇಕಿದ್ದ ಕೋನಿ ನನ್ನ ಕೈ ಹಿಡಿದುಕೊಂಡು, "ಬಾಯಿಗೆ ಬಂದದ್ದು ಹೇಳಿ ಹಾಳು ಮಾಡ್ಬೇಡ ಕಣೇ," ಅಂದಳು. ನಾನು ಮೈದಾ ಹಿಟ್ಟಿನ ಮಲಸಾದ ಕರಿದು, ಸಕ್ಕರೆ ಉದುರಿಸಿ ಒಂದು ಡಬ್ಬಿ ತುಂಬ ಒಯ್ದಿದ್ದೆ.

ನನ್ನನ್ನು ಮಾತಾಡಿಸಿದವನು ಡ್ರಿಸ್ಕಲ್ ಅಂತ, ವುಸ್ಟರ್ ಕಡೆಯ ಕಾಲೇಜಿನ ಮೇಷ್ಟ್ರು, ದಪ್ಪನೆಯ ಸಾಧು ಮನುಷ್ಯ. ಡಬ್ಬಿ ಮುಂದೆ ಹಿಡಿದರೆ, "ಬೇಡಮ್ಮ, ನಮ್ಮ ಡಾಕ್ಟರು ಬಯ್ತಾರೆ," ಅಂದ. ಆಮೇಲೆ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದ. "ನಂದೇ ಬಿಪಿ ನೋಡಿ, ಹೇಗೆ ಮಾಡ್ತೀರೋ ನೋಡೋಣ."

ಪಟ್ಟಿ ಸುತ್ತಿದೆ, ಗಾಳಿ ಒತ್ತಿದೆ, ಮುಳ್ಳು ನೋಡಿದೆ. ಎಲ್ಲ ಠೀವಿಯಿಂದಲೇ ಮಾಡಿದೆ. "ನೂರಿಪ್ಪತ್ತು, ಎಂಬತ್ತು," ಅಂದೆ.

ಅವನು ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟ. "ಎಷ್ಟೋ ವರ್ಷದಿಂದ ಮಾತ್ರೆ ನುಂಗ್ತಿದೀನಮ್ಮ. ನನ್ನ ಬಿಪಿ ಒಂದು ದಿನವೂ ಇಷ್ಟು ಚೆನ್ನಾಗಿರ್ಲಿಲ್ಲ."

ಬಾಗಿಲ ಬಳಿಯಿಂದ ಜೆಂಡ್ರನ್ ಕೂಗಿದ, "ಆ ಪಟ್ಟಿ ಕೆಟ್ಟಿದೆ ಸಾರ್! ಹೊಸದು ದಾರೀಲಿದೆ!" ನಾನು ತಲೆ ಆಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಡ್ರಿಸ್ಕಲ್ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಬಂದ. "ಯಾವಾಗ್ಲೂ ಇಷ್ಟೇ ಹೇಳ್ತೀರಾ?"

ಹೌದು ಮರೀಸಾ, ಯಾವಾಗಲೂ ಇಷ್ಟೇ. ಕ್ಲಾಸಿನಲ್ಲಿದ್ದದ್ದು ಒಂದೇ ಪಟ್ಟಿ, ಅದೂ ಗಾಳಿ ಸೋರುತ್ತಿತ್ತು. ಕಲಿಸುವವಳು, "ಆರೋಗ್ಯವಂತರದು ನೂರಿಪ್ಪತ್ತು ಎಂಬತ್ತೇ ಇರೋದು, ಅದನ್ನೇ ಬರ್ಕೊಳ್ಳಿ," ಅನ್ನುತ್ತಿದ್ದಳು. ಪರೀಕ್ಷೆಯಲ್ಲೂ ಅದನ್ನೇ ಬರೆದೆವು, ಎಲ್ಲರೂ ಪಾಸಾದೆವು. ಡ್ರಿಸ್ಕಲ್ ಹಾಗೆ ಕೇಳಿದಾಗ ನನಗೆ ನೌಕರಿ ನೆನಪಾಗಲಿಲ್ಲ. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಬಿಪಿ ನೋಡಿಸಿಕೊಳ್ಳಲು ನನ್ನ ಮುಂದೆ ಅಂಗಿ ತೋಳು ಮಡಚಿಕೊಂಡು ಸಾಲಾಗಿ ನಿಲ್ಲುತ್ತಿದ್ದ ಮುದುಕರು ನೆನಪಾದರು. ಎಲ್ಲರಿಗೂ ಚೆನ್ನಾಗಿದೆ ಅಂತ ಹೇಳಿ ಕಳಿಸಿದ್ದೆನಲ್ಲ! ಅರ್ರೂಡಾ ಅಂತೂ ನನ್ನ ಕೈಗುಣ ಒಳ್ಳೆಯದು ಅಂತ ಡಾಕ್ಟರ ಕಡೆ ಹೋಗುವುದನ್ನೇ ಬಿಟ್ಟಿದ್ದ. ಪಟ್ಟಿ, ಪರೀಕ್ಷೆ, ಕಾಫಿ, ಎಲ್ಲ ಹೇಳಿಬಿಟ್ಟೆ. ಅವನು ಬರೆದುಕೊಂಡು, ಏಳುವಾಗ, "ನಮ್ಮ ಕಾಲೇಜಲ್ಲೂ ಹೋಗಿ ಪಟ್ಟಿ ನೋಡ್ಬೇಕು," ಅಂತ ತನ್ನಷ್ಟಕ್ಕೆ ಅಂದುಕೊಂಡ.

ಕೋಟು ಅವತ್ತೇ ಬಿಚ್ಚಿಸಿಕೊಂಡರು. ಈ ತಿಂಗಳ ಶುರುವಿಗೆ ಸರ್ಕಾರದ ಸಾಲ ನಿಂತಿತು, ಅದೇ ವಾರ ಜೆಂಡ್ರನ್ ಬೀಗ ಜಡಿದು ನಾಪತ್ತೆಯಾದ. ಇನ್ನು ತಮಾಷೆ ಕೇಳು. ಓದುತ್ತಿರುವಾಗಲೇ ಕಾಲೇಜು ಮುಚ್ಚಿದವರ ಸಾಲ ಮನ್ನಾ ಆಗುತ್ತದಂತೆ, ಹಾಗಾಗಿ ಕೋನಿ ಪಾರು. ನಾನು ಕೋರ್ಸ್ ಮುಗಿಸಿದವಳು, ನನ್ನ ಸಾಲ ನನಗೇ. ಸರ್ಕಾರದ ಕಣ್ಣಿಗೆ ನಾನು ವಿದ್ಯಾವಂತೆ! ಕೋನಿ ಬಂದು ಮೆಟ್ಟಿಲಲ್ಲಿ ಕೂತು, "ಸಾಲಾನೂ ಹೋಯ್ತು, ಓದೂ ಹೋಯ್ತು. ನಿಂಗೆ ಥ್ಯಾಂಕ್ಸ್ ಹೇಳ್ಲೋ, ಉಗೀಲೋ?" ಅಂದಳು. ಎರಡೂ ಮಾಡಿ ಹೋಗು ಅಂದೆ. ನಗಲಿಲ್ಲ. ಅವಳ ಮೇಲೆ ನನಗೆ ಕೋಪವಿಲ್ಲ, ದುಃಖವಿದೆ.

ಸಭಾಂಗಣದಲ್ಲೂ ಎದ್ದು ನಿಂತು ಹೇಳಿದೆ: ನಾನು ಹೇಳಿದ ಅಂಕಿ ನಂಬಬೇಡಿ, ಎಲ್ಲರೂ ಹೋಗಿ ಸರಿಯಾಗಿ ತೋರಿಸಿಕೊಳ್ಳಿ ಅಂತ. ಅರ್ರೂಡಾ ಹಿಂದಿನಿಂದ, "ಹಾಗಾದ್ರೆ ನಾನು ಬದುಕಿದೀನೋ ಇಲ್ವೋ, ಅದನ್ನಾದ್ರೂ ಹೇಳಮ್ಮಾ!" ಅಂದ. ಎಲ್ಲರೂ ನಕ್ಕರು. ಅವನ ಹೆಂಡತಿ ಮಾತ್ರ ಕಾಫಿ ಲೋಟ ಅಲ್ಲೇ ಇಟ್ಟು ಹೊರಗೆ ನಡೆದಳು.

ನೀನು ಚಿಂತೆ ಮಾಡಬೇಡ. ನನಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಜನ ಒಳ್ಳೆಯವರು. ನಿನ್ನ ವವೋ ಚೆನ್ನಾಗಿದ್ದಾಳೆ, ಮೊಮ್ಮಗಳಿಗೆ ಮುತ್ತು ಕಳಿಸಿದ್ದಾಳೆ. ಹೊಟ್ಟೆ ತುಂಬ ಉಣ್ಣು, ಅಲ್ಲಿ ಯಾರ ಜೊತೆಗೂ ವಾದಕ್ಕೆ ಇಳಿಯಬೇಡ.

ನಿನ್ನನ್ನೇ ನೆನೆಯುತ್ತಿರುವ
ಅಮ್ಮ, ಲೂರ್ಡೆಸ್ ಫುರ್ಟಾಡೊ

ಮರೆತದ್ದು: ಸೋಮವಾರ ಬೆಳಿಗ್ಗೆ ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಮರೆತದ್ದು ಅನ್ನುವುದೂ ಸುಳ್ಳು, ನಿನ್ನೆ ಬೇಕೆಂದೇ ಬಿಟ್ಟಿದ್ದೆ. ಆಸ್ಪತ್ರೆಯಲ್ಲಿ ನನ್ನದು ನೆಲ ಒರೆಸುವ ಕೆಲಸ. ಅಲ್ಲಿನ ನರ್ಸ್ ಡೆನೀಸ್ ಊಟದ ಬಿಡುವಿನಲ್ಲಿ ತನ್ನ ತೋಳನ್ನೇ ಕೊಟ್ಟು ನನಗೆ ಬಿಪಿ ನೋಡುವುದನ್ನು ಕಲಿಸುತ್ತಿದ್ದಾಳೆ. ಸ್ಟೆತಾಸ್ಕೋಪ್ ಇಟ್ಟು ಗಾಳಿ ಬಿಡುವಾಗ ಕಿವಿಯಲ್ಲಿ ಒಂದು ಶಬ್ದ ಬರುತ್ತದೆ ಕಣೇ, ಟಪ್ ಟಪ್ ಅಂತ. ಅದು ಶುರುವಾದಲ್ಲಿ ಮೇಲಿನ ಅಂಕಿ, ನಿಂತಲ್ಲಿ ಕೆಳಗಿನದು. ಇಡೀ ಕೋರ್ಸ್ ಮುಗಿಸಿದೆ, ಅಲ್ಲೊಂದು ಶಬ್ದವಿದೆ ಅಂತಲೇ ಯಾರೂ ಹೇಳಿರಲಿಲ್ಲ. ಅವಳ ಪಟ್ಟಿ, ಸ್ಟೆತಾಸ್ಕೋಪ್ ಕೇಳಿ ತಂದಿದ್ದೆ, ಈಗ ವವೋ ತೋಳಿಗೆ ಸುತ್ತಿದೆ. ಶಬ್ದ ಇನ್ನೂರರ ಹತ್ತಿರವೇ ಶುರುವಾಯಿತು. ಮತ್ತೆ ನೋಡಿದೆ, ಅಷ್ಟೇ ಬಂತು. ಡಾಕ್ಟರ ಹತ್ತಿರ ನಡಿ ಅಂದರೆ ವವೋ ನಗುತ್ತಾಳೆ: "ನಿಂಗೆ ಕಾಲೇಜಲ್ಲಿ ಏನೂ ಕಲಿಸಿಲ್ಲ ಅಂತ ನೀನೇ ಚರ್ಚಲ್ಲಿ ಎದ್ದು ನಿಂತು ಸಾರಿದೀಯ. ಈಗ ನಿನ್ನ ಮಾತು ನಂಬ್ಬೇಕಾ?" ಹೊರಡಿಸಲು ಅವಳಿಗೆ ಚಳಿಕೋಟಿನ ಒಂದು ತೋಳು ಹಾಕಿಸಿದ್ದೇನೆ, ಇನ್ನೊಂದಕ್ಕೆ ಜಗಳ ನಡೆದಿದೆ.