ಆಂಟೆನಾಕ್ಕೆ ಕುಡಿಸಿದ ಬಿಯರ್

ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ನಮ್ಮ ಗಣಿಯ ಕಿವುಡರ ಕಿವಿಯ ಹಿಂದೆ ಇದ್ದ ಯಂತ್ರಗಳನ್ನು ತಾವು ಕಳಚಿಸಿ, ಪೆಟ್ಟಿಗೆಗೆ ತುಂಬಿಸಿ, ಮೇಲೆ ಅರಗಿನ ಮುದ್ರೆ ಒತ್ತಿಸಿದ್ದೀರಿ. ‘ಇಷ್ಟು ಚಿಕ್ಕ ಆಂಟೆನಾ ಇಷ್ಟು ಕೆಳಮಟ್ಟದ ತರಂಗವನ್ನು ಹಿಡಿಯಲಾರದು, ವಿನ್ಯಾಸವೇ ದೋಷಪೂರ್ಣ’ ಎಂದು ಕಾರಣ ಕೊಟ್ಟಿದ್ದೀರಿ. ನಮ್ಮ ಕಿವುಡ ಕಾರ್ಮಿಕ ಫಾರ್ತುನಾತೊ ಸತ್ತದ್ದು ಆಂಟೆನಾದ ವಿನ್ಯಾಸದಿಂದ ಎಂಬುದು ತಮ್ಮ ತೀರ್ಮಾನ. ಅಲ್ಲ ಸ್ವಾಮಿ, ಅವನು ಸತ್ತದ್ದು ಬಿಯರಿನಿಂದ. ಕುಡಿದದ್ದು ಅವನಲ್ಲ, ಅವನ ಆಂಟೆನಾ. ಕುಡಿಸಿದವರು ತಾವು. ಇದನ್ನು ಹೇಳಲು ತಮ್ಮ ಕಚೇರಿಗೆ ಬಂದಾಗಲೆಲ್ಲ ನಾನು ನಿಂತ ಕಿಟಕಿ ಬೇರೆ ವಿಷಯದ್ದಾಗಿರುತ್ತಿತ್ತು. ಪತ್ರಿಕೆಗೆ ಒಂದೇ ಕಿಟಕಿಯಂತೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾಗದ ಬರೆದು ಅಭ್ಯಾಸವಿರುವುದು ಕೊಚಬಾಂಬಾ ಪಟ್ಟಣದಲ್ಲಿರುವ ತಂಗಿಗೆ, ಅವಳ ಮಕ್ಕಳಿಗೆ. ಮಾತು ನಡುವೆ ಮನೆಯ ಕಡೆ ಜಾರಿದರೆ ಮನ್ನಿಸಿ. ಶಾಲೆಯ ಓದು ನನಗೆ ಹೆಚ್ಚಿಲ್ಲ. ನಮ್ಮ ತವರದ ಗಣಿಯ ಕಾರ್ಮಿಕರು ನಡೆಸುತ್ತಿದ್ದ ರೇಡಿಯೊ ನಿಲಯದಲ್ಲಿ ಯಂತ್ರಗಳ ಧೂಳು ಒರೆಸುತ್ತಿದ್ದೆ. ಒರೆಸುತ್ತ ಒರೆಸುತ್ತ ಬಿಚ್ಚಲು ಕಲಿತೆ, ಬಿಚ್ಚಿದ್ದನ್ನು ಮತ್ತೆ ಕೂಡಿಸಲು ಕಲಿತೆ. ತಂಗಿಯ ಹಿರಿಮಗ ಎವಾರಿಸ್ತೊ ನನ್ನ ಜೊತೆಯಲ್ಲೇ ಬೆಳೆದು ಗಣಿಗಿಳಿದವನು. ಬಂಡೆ ಸಿಡಿಸುವ ಮದ್ದಿನ ಸದ್ದು ಅವನ ಕಿವಿಯನ್ನು ಮೀಸೆ ಪೂರಾ ಬಲಿಯುವ ಮೊದಲೇ ತಿಂದುಹಾಕಿತು.

ಗಣಿಯೊಳಗೆ ಮದ್ದಿನ ಬತ್ತಿಗೆ ಕಿಡಿ ಕೊಟ್ಟವನು ಕೂಗುತ್ತಾನೆ, ಕೊಳವೆಯನ್ನು ಬಡಿಯುತ್ತಾನೆ, ಉಳಿದವರು ಓಡುತ್ತಾರೆ. ಕೇಳದವನು ಏನು ಮಾಡಬೇಕು? ಮೊಬೈಲಿನ ತರಂಗ ಬಂಡೆಯ ಎರಡು ತಿರುವಿನಲ್ಲೇ ಸಾಯುತ್ತದೆ. ಕೆಳಮಟ್ಟದ, ಅಂದರೆ ಕಡಿಮೆ ಆವರ್ತನದ ತರಂಗ ಹಾಗಲ್ಲ, ಅದು ಬಂಡೆಯನ್ನು ಹಾದು ಬರುತ್ತದೆ. ಆದರೆ ಅದನ್ನು ಹಿಡಿಯಲು ಪುಸ್ತಕದ ಪ್ರಕಾರ ಫುಟ್‌ಬಾಲ್ ಮೈದಾನದಷ್ಟು ತಂತಿ ಬೇಕು. ನಮಗೆ ಅದು ಶಿರಸ್ತ್ರಾಣದ ಕೆಳಗೆ, ಕಿವಿಯ ಹಿಂದೆ, ಒಂದು ಅವರೆಕಾಳಿನಷ್ಟು ಜಾಗದಲ್ಲಿ ಆಗಬೇಕಿತ್ತು. ಹಳೆಯ ರೇಡಿಯೊಗಳ ಹೊಟ್ಟೆಯಲ್ಲಿರುವ ಕಪ್ಪು ಫೆರೈಟ್ ಕಡ್ಡಿಯನ್ನು ಚೂರು ಮಾಡಿ, ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಅದಕ್ಕೆ ಸುತ್ತಿದೆವು. ಸುತ್ತಿದವನು ನಾನು. ಎಷ್ಟು ಸುತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಲೆಕ್ಕ ಹಾಕಿದವಳು ವಿಶ್ವವಿದ್ಯಾಲಯದ ಇಂಜಿನಿಯರ್ ಮಾರ್ಲೆನಿ. ಅವಳಿಲ್ಲದಿದ್ದರೆ ನಾನು ಇಂದಿಗೂ ಕಡ್ಡಿ ಮುರಿಯುತ್ತ ಕೂತಿರುತ್ತಿದ್ದೆ.

ಮೊದಲನೆಯದು ಅಂಗಳದಲ್ಲಿ ಚೆನ್ನಾಗಿಯೇ ಮಿಡಿಯಿತು. ಗಣಿಯೊಳಗೆ ಎವಾರಿಸ್ತೊ ಅಂಗಾತ ಮಲಗಿದ ಕೂಡಲೇ ಯಂತ್ರ ಸತ್ತಂತಾಯಿತು. ಕಡ್ಡಿ ತರಂಗಕ್ಕೆ ಅಡ್ಡವಾದರೆ ಏನೂ ಹಿಡಿಯುವುದಿಲ್ಲ.

“ಇದೇನು ಮಾವ, ಆಫೀಸಿನವರಿಗೆ ಮಾಡಿದ್ದಾ?” ಅಂದ ಅವನು. “ಗಣಿಯೊಳಗೆ ನೆಟ್ಟಗೆ ನಿಂತು ಕೆಲಸ ಮಾಡೋ ಪುಣ್ಯಾತ್ಮ ಯಾರಿದಾನೆ?”

ಆಮೇಲೆ ಮೂರು ಪುಟ್ಟ ಸುರುಳಿಗಳನ್ನು ಒಂದಕ್ಕೊಂದು ಅಡ್ಡಡ್ಡ ಇಟ್ಟೆವು. ನಿಂತರೆ ಒಂದು, ಕೂತರೆ ಇನ್ನೊಂದು, ಮಲಗಿದರೆ ಮತ್ತೊಂದು ಹಿಡಿಯುವಂತೆ. ಬತ್ತಿ ಹೊತ್ತಿಸಿದವನು ಗುಂಡಿ ಒತ್ತಿ ಬಿಟ್ಟ ಸಂಕೇತ ಬಂದರೆ ಯಂತ್ರ ಕಿವಿಯ ಹಿಂದಿನ ಎಲುಬನ್ನು ನಡುಗಿಸುತ್ತಿತ್ತು.

“ತಲೆಬುರುಡೆ ಒಳಗೆ ಯಾರೋ ಬಾಗಿಲು ತಟ್ಟಿದಂಗಾಯ್ತು ಮಾವ.”

“ಯಾರು ಅಂತ ಕೇಳ್ತಾ ನಿಲ್ಲಬೇಡ, ಓಡು,” ಅಂದೆ. ನನ್ನ ತುಟಿ ನೋಡಿ ಓದಿಕೊಂಡು ನಕ್ಕ.

ತಮ್ಮ ಕಚೇರಿ ಅನುಮತಿ ಕೊಟ್ಟಿತು, ಒಂದು ಪೆಟ್ಟಿಗೆಯಷ್ಟು ಯಂತ್ರಗಳಾದವು. ಅವನ್ನು ಕಿವುಡರಿಗೆ ಹಂಚುವ ದಿನವನ್ನು ತಾವೇ ಆರಿಸಿದಿರಿ: ಕಾರ್ನಿವಲ್ ಹಬ್ಬದ ಮಂಗಳವಾರ. ಆ ದಿನ ನಮ್ಮಲ್ಲಿ ಮನೆ, ಲಾರಿ, ಸುತ್ತಿಗೆ, ಏನೇ ಹೊಸದಿದ್ದರೂ ಚಾಲ್ಯಾ ಮಾಡುತ್ತೇವೆ. ಬಣ್ಣದ ಕಾಗದ ಸುತ್ತಿ, ಬಿಯರ್ ಚಿಮುಕಿಸಿ, ಭೂತಾಯಿ ಪಚಾಮಾಮಾಳಿಗೆ ಅವಳ ಪಾಲು ಕೊಡುತ್ತೇವೆ. ಪೆಟ್ಟಿಗೆಯ ಮೂಲೆಗೆ ನಾಲ್ಕು ಹನಿ ಸಾಕಿತ್ತು. ಆದರೆ ಎದುರಿಗೆ ಟಿವಿಯವರಿದ್ದರು, ಜನರಲ್ಲಿ ಒಬ್ಬರಾಗುವ ಉತ್ಸಾಹ ತಮಗಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದಿರಿ, ಬಿಯರ್ ಬಾಟಲಿ ಕುಲುಕಿ, ಅದರ ಬಾಯಿಗೆ ಒತ್ತಿದ್ದ ಹೆಬ್ಬೆರಳು ಬಿಟ್ಟಿರಿ. ನೊರೆ ಇಳಿದ ಮೇಲೆ ಉಳಿದದ್ದನ್ನೂ ಸುರಿದಿರಿ. ನಡುವೆ ಕೈ ಹಿಡಿಯುವಂತಿಲ್ಲ. ಚಾಲ್ಯಾ ತಡೆದರೆ ಭೂತಾಯಿಯ ತುತ್ತು ಕಿತ್ತಂತೆ. ನಾವೆಲ್ಲ ಟೋಪಿ ತೆಗೆದು ನಿಂತಿದ್ದೆವು. ಕಿವುಡರ ಸಾಲಿನಲ್ಲಿ ಮೊದಲಿಗನಾಗಿದ್ದ ಫಾರ್ತುನಾತೊ ಕಿವುಡರ ಗಟ್ಟಿ ದನಿಯಲ್ಲಿ ಹೇಳಿದ್ದು ತಮಗೂ ಕೇಳಿಸಿತು:

“ಸಾಹೇಬ್ರು ನಮ್ಮ ಕಿವಿಗೆ ಕುಡಿಸ್ತಿದಾರೆ ಕಣ್ರೋ. ನಾಳೆ ಕಿವಿ ತಲೆನೋವು ಅಂತ ಕೆಲಸಕ್ಕೇ ಬರಲ್ಲ, ನೋಡ್ತಿರಿ.”

ತಾವೂ ನಕ್ಕಿರಿ. ಒಳ್ಳೆಯ ನಗು, ಟಿವಿಯಲ್ಲಿ ಚೆನ್ನಾಗಿ ಬಂತು.

ಸಂಜೆ ಮಾರ್ಲೆನಿ ತಮ್ಮ ಕಾರಿನ ಬಳಿ ಬಂದಳು. ಪಕ್ಕದಲ್ಲಿ ನಾನಿದ್ದೆ.

“ಸಾಹೇಬ್ರೇ, ಎಲ್ಲಾನೂ ಒಂದ್ಸಲ ತೆರೆದು ಒಣಗಿಸಿ ಅಳೀತೀನಿ. ಸುರುಳಿಗೆ ತೇವ ಹೋದ್ರೆ ಇವತ್ತು ಗೊತ್ತಾಗಲ್ಲ, ದಿನ ಕಳೆದಂಗೆ ಶ್ರುತಿ ಜಾರುತ್ತೆ. ಒಂದು ವಾರ ವಾಪಸ್ ಕೊಡಿ.”

“ಏನಮ್ಮಾ ನೀನು, ಕೊಟ್ಟಾಯ್ತು ಅಂತ ರಾತ್ರಿ ಸುದ್ದೀಲಿ ಬರುತ್ತೆ. ನಾಳೆ ಕಿತ್ಕೊಂಡ್ರೆ ಜನ ಏನಂದಾರು? ಅಂಗಳದಲ್ಲಿ ಕೆಲಸ ಮಾಡ್ತಿವೆ ತಾನೇ?”

ಅಂಗಳದಲ್ಲಿ ಮಾಡುತ್ತಿದ್ದವು. ಅಪ್ಪಣೆಯಿಲ್ಲದೆ ತೆರೆದರೆ ಅನುಮತಿ ರದ್ದು ಎಂಬ ತಮ್ಮ ಕಚೇರಿಯ ಚೀಟಿ ಪ್ರತಿಯೊಂದರ ಬೆನ್ನಿಗೂ ಅಂಟಿತ್ತು. ಅವಳು ತೆರೆಯಲಿಲ್ಲ.

ಕೆಲವು ವಾರ ಕಳೆದು, ಈಸ್ಟರಿಗೆ ಮುಂಚೆ ಒಂದು ಬೆಳಿಗ್ಗೆ ಕೆಳಗಿನ ಸುರಂಗದಲ್ಲಿ ಬತ್ತಿ ಹೊತ್ತಿಸಿ ಸಂಕೇತ ಬಿಟ್ಟರು. ಇಕ್ಕಟ್ಟಾದ ಬಿಲದಲ್ಲಿ ಎವಾರಿಸ್ತೊ, ಫಾರ್ತುನಾತೊ ಇಬ್ಬರೂ ಮಲಗಿ ಅದಿರು ಕೆರೆಯುತ್ತಿದ್ದರು. ಎವಾರಿಸ್ತೊನ ಯಂತ್ರ ನಾವು ಪರೀಕ್ಷೆಗೆ ಮಾಡಿದ್ದು. ಅದು ಆ ಮಂಗಳವಾರ ಅವನ ಕಿವಿಯ ಹಿಂದಿತ್ತು, ತಮ್ಮ ಪೆಟ್ಟಿಗೆಯಲ್ಲಿರಲಿಲ್ಲ. ಅದು ನಡುಗಿತು. ಅವನು ತೆವಳಿ ಹೊರಬಿದ್ದು ಓಡಿದ. ಗೆಳೆಯನಿಗೂ ಬಡಿದಿರುತ್ತದೆ, ಹಿಂದೆಯೇ ಬರುತ್ತಿದ್ದಾನೆ ಎಂದುಕೊಂಡ. ಇಬ್ಬರು ಕಿವುಡರು ಓಡುವಾಗ ಹಿಂದಿನವನ ಹೆಜ್ಜೆ ಮುಂದಿನವನಿಗೆ ಕೇಳಿಸುವುದಿಲ್ಲ, ಮಾನ್ಯರೇ. ಸುರಂಗದ ಬಾಯಿಗೆ ಬಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಫಾರ್ತುನಾತೊನ ಯಂತ್ರವನ್ನು ತಮ್ಮ ತಪಾಸಣೆಯವರ ಎದುರೇ ತೆರೆದರು. ತಾಮ್ರ ಹಸಿರಾಗಿತ್ತು, ಸುರುಳಿ ಅಂಟಂಟಾಗಿತ್ತು. ತಪಾಸಣೆಯವರೊಬ್ಬರು ಮೂಸಿದರು, ನಮ್ಮ ಮುಖ ನೋಡಿದರು, ಆಮೇಲೆ ‘ಅಪರಿಚಿತ ದ್ರವದ ಕಲೆ’ ಎಂದು ಬರೆದುಕೊಂಡರು. ನಮ್ಮ ಈ ಓರುರೊ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಬಿಯರ್ ಅಪರಿಚಿತವಾಗಿದ್ದು ಅದೇ ಮೊದಲಿರಬೇಕು. ತಮ್ಮ ಅಂತಿಮ ಆದೇಶಕ್ಕೆ ಬರುವಷ್ಟರಲ್ಲಿ ಆ ಕಲೆಯೂ ಆವಿಯಾಗಿ ವಿನ್ಯಾಸದ ದೋಷವೊಂದೇ ಉಳಿಯಿತು. ಆಂಟೆನಾ ಹಿಡಿಯಲಾರದ್ದಾದರೆ ಎವಾರಿಸ್ತೊ ಹೊರಗೆ ಬಂದದ್ದು ಹೇಗೆ? ಬಿಯರ್ ಮುಟ್ಟದ ಆ ಒಂದನ್ನೂ ಅವನ ಕಿವಿಯಿಂದ ಕಿತ್ತು ಪೆಟ್ಟಿಗೆಗೆ ಹಾಕಿದ್ದೇಕೆ? ಅದು ಕೆಲಸ ಮಾಡುತ್ತಿದೆ ಎಂಬುದೇ ಅದರ ಅಪರಾಧವೇ?

ತಮಗೆ ಶಿಕ್ಷೆಯಾಗಲಿ ಎಂದು ನಾನು ಕೇಳುತ್ತಿಲ್ಲ. ಚಾಲ್ಯಾ ಮಾಡುವುದು ಪಾಪವಲ್ಲ. ಎಲ್ಲಿ ಸುರಿಯಬಾರದೆಂದು ಸುರಿಯುವ ಮೊದಲು ನಮ್ಮವರೂ ಹೇಳಿರಲಿಲ್ಲ. ಆದರೆ ದೋಷ ವಿನ್ಯಾಸದ್ದೆಂದು ಉಳಿದರೆ ಈ ಯಂತ್ರದ ಕಥೆ ಮುಗಿಯಿತು, ಇನ್ನು ಯಾರೂ ಅದನ್ನು ಮುಟ್ಟುವುದಿಲ್ಲ. ದೋಷ ತೇವದ್ದೆಂದರೆ ಮದ್ದು ಸುಲಭ. ಮಾರ್ಲೆನಿ ಸುರುಳಿಗಳನ್ನು ರಾಳದಲ್ಲಿ ಮುಳುಗಿಸಿ ಗಟ್ಟಿಮಾಡಿದ್ದಾಳೆ. ಬಕೆಟಿನ ನೀರಿನಲ್ಲಿ ದಿನಗಟ್ಟಲೆ ಬಿದ್ದಿದ್ದರೂ ಶ್ರುತಿ ಸರಿಯಲಿಲ್ಲ. ತಮ್ಮ ಒಂದು ಸಾಲು ಬೇಕು. ಆ ಸಾಲು ಬರೆಯಲು ತಾವು ಆ ಮಂಗಳವಾರವನ್ನು ನೆನೆಯಬೇಕು. ತೊಡಕಿರುವುದು ಅಲ್ಲೇ.

ಅಲ್ಲಿಯವರೆಗೆ ಕಿವುಡರು ಮನೆಯಲ್ಲಿರಲಿ ಎನ್ನುವಿರಾ? ಈ ಬೆಟ್ಟದ ಮೇಲೆ ಬೇರೆ ಕೆಲಸವಿಲ್ಲ. ಎವಾರಿಸ್ತೊನಿಗೆ ಎಳೆಯ ಮಗುವಿದೆ. ಫಾರ್ತುನಾತೊನನ್ನು ಮಣ್ಣು ಮಾಡಿ ಬಂದ ವಾರವೇ ಅವನು ಅದೇ ಬಿಲಕ್ಕೆ ಇಳಿದ. ಈಗ ನಮ್ಮಲ್ಲಿ ಅಜ್ಜಂದಿರ ಕಾಲದ ಪದ್ಧತಿ ಮರಳಿದೆ: ಕಿವುಡನ ಕಾಲಿಗೆ ಒಂದು ಹಗ್ಗ, ಹಗ್ಗದ ಈ ತುದಿಯಲ್ಲಿ ಕಿವಿಯಿರುವವನೊಬ್ಬ. ಕೂಗು ಕೇಳಿದರೆ ಎಳೆಯುವುದು. ದುಡಿಯುವ ವಯಸ್ಸಿನವರು ಹಗ್ಗ ಹಿಡಿದು ಕೂರಲಾರರು, ಅದಕ್ಕೆ ಎವಾರಿಸ್ತೊನ ಹಗ್ಗ ಹಿಡಿಯಲು ನಾನು ಇಳಿದಿದ್ದೇನೆ. ಹರೆಯದಲ್ಲಿ ಗಣಿಗಿಳಿದು ನುಂಗಿದ ಧೂಳು ನನ್ನ ಎದೆಯಲ್ಲಿ ತುಂಬಿದೆ, ಕೆಮ್ಮು ಬಂದರೆ ಬೇಗ ನಿಲ್ಲುವುದಿಲ್ಲ. ಕೆಮ್ಮುವಾಗ ನನಗೂ ಏನೂ ಕೇಳಿಸುವುದಿಲ್ಲ. ಎವಾರಿಸ್ತೊನಿಗೆ ಇದು ಗೊತ್ತು.

“ಕೆಮ್ಮಬೇಡ ಮಾವ,” ಅನ್ನುತ್ತಾನೆ, ಅಷ್ಟೇ.

ಆದ್ದರಿಂದ ನನ್ನ ಬೇಡಿಕೆ: ಆದೇಶದಲ್ಲಿ ‘ವಿನ್ಯಾಸ’ ಎಂಬ ಪದ ಹೊಡೆದು ‘ತೇವ’ ಎಂದು ಬರೆಯಿರಿ, ಪೆಟ್ಟಿಗೆಯ ಮುದ್ರೆ ಒಡೆಯಿರಿ, ರಾಳ ಹಾಕಿದವುಗಳಿಗೆ ಅನುಮತಿ ಕೊಡಿ. ಸಮಾರಂಭ ಬೇಡ. ಬೇಗ ಮಾಡಿ. ಎಷ್ಟು ಬೇಗ ಎಂದರೆ, ನಾನು ಉಸಿರು ಬಿಗಿಹಿಡಿದು ಕೂರಬಲ್ಲೆನಲ್ಲ, ಅಷ್ಟು.

ಇಂತಿ,
ಹಗ್ಗದ ಈ ತುದಿಯಿಂದ, ಕೆಮ್ಮು ತಡೆದುಕೊಂಡು,
ಸೆಲೆಡೋನಿಯೊ ಚೋಕೆ