ಗೆರೆಯಷ್ಟು ತೆಳ್ಳಗಾದ ಮುಖಗಳು

ಬೈಲಹೊಂಗಲ
ಶ್ರಾವಣ, 2008

ಮಗಳೇ ಅನ್ನಪೂರ್ಣಾ,

ನಿನ್ನ ಹೆಸರಿನ ಮುಂದೆ ಏನು ಹಚ್ಚಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಊರ ಮಂದಿಯ ಲಗ್ನಪತ್ರಿಕೆಗಳಲ್ಲಿ 'ಚಿ. ಕುಂ. ಸೌ.' ಎಂದು ಕಣ್ಣು ಮುಚ್ಚಿಕೊಂಡು ಬರೆಸಿದವನು ನಾನು. ಸ್ವಂತ ಅಣ್ಣನ ಮಗಳಿಗೆ, ಮೂವತ್ತೊಂದು ವರ್ಷದವಳಿಗೆ, ಯಾವ ಅಕ್ಷರವೂ ಕೈಗೆ ಬರಲಿಲ್ಲ. ಅದಕ್ಕೇ ಬರೀ 'ಮಗಳೇ' ಎಂದಿದ್ದೇನೆ. ಅಷ್ಟಾದರೂ ನನ್ನ ಬಾಯಲ್ಲಿ ಸುಳ್ಳಾಗದಿರಲಿ.

ನಿನ್ನ ಕಾಕಾ ನೇಸರಗಿ ಸಾಲೆಯಲ್ಲಿ ಏಳನೇ ಇಯತ್ತೆ ಕಲಿತವನು. ಅದನ್ನೂ ಎರಡು ಸಲ ಕಲಿತೆ. ಒಂದೇ ಸಲಕ್ಕೆ ಅದರ ರುಚಿ ಹತ್ತಲಿಲ್ಲ. ಆದರೆ ಬೈಲಹೊಂಗಲದಲ್ಲಿ ವಧು-ವರರ ಯಾದಿಯನ್ನು ಕಂಪ್ಯೂಟರಿನಲ್ಲಿ ಇಟ್ಟ ಮೊದಲ ಮನುಷ್ಯ ನಾನೇ. 2001ರಲ್ಲಿ ಆ ಡಬ್ಬಿ ಅಂಗಡಿಗೆ ಬಂದಾಗ ಕಲಿತ ಮಂದಿ ಬಾಗಿಲಲ್ಲಿ ನಿಂತು ನೋಡಿ ಹೋದರು. ಕಿತ್ತೂರಿನಿಂದ ರಾಮದುರ್ಗದವರೆಗೆ ನಾನು ಒಮ್ಮೆಯಾದರೂ ಚಹಾ ಕುಡಿಯದ ಮನೆತನವಿಲ್ಲ. ಮುನ್ನೂರ ಹನ್ನೆರಡು ಜೋಡಿ ಕೂಡಿಸಿದ್ದೇನೆ. ಎರಡು ಮಾತ್ರ ಮುರಿದವು. ಅದು ಅತ್ತೆಯಂದಿರ ಕೆಲಸ, ನನ್ನದಲ್ಲ. ಈ ಮಾತುಗಳನ್ನು ನೀನು ನೂರು ಸಲ ಕೇಳಿದ್ದೀ. ಇಂದು ಬೇರೆ ಮಾತು ಹೇಳಬೇಕಾಗಿದೆ, ಬಾಯಿಗೆ ರೂಢಿಯಾದದ್ದರಿಂದ ಶುರು ಮಾಡಿದೆ ಅಷ್ಟೇ.

ಈ ವರ್ಷದ ಯುಗಾದಿಯಿಂದ ನನ್ನ ಎಕ್ಸೆಲ್ ಫೈಲಿಗೆ ಏನೋ ಬಡಿದುಕೊಂಡಿತು. ಮೊದಲು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ತೆರೆಯುತ್ತಿದ್ದದ್ದು, ಈಗ ಒತ್ತಿ ಬಸ್ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು ಸವದತ್ತಿ ಬಸ್ಸನ್ನು ಕಳಿಸಿ ಬಂದರೂ ಪರದೆ ಬೆಳ್ಳಗೇ ಇರುತ್ತಿತ್ತು. ಒಂದು ಹೆಸರು ಬರೆದರೆ ಅಕ್ಷರಗಳು ಯಾರನ್ನೋ ಕೇಳಿಕೊಂಡು ಬಂದವರಂತೆ ಒಂದೊಂದಾಗಿ ಬರುತ್ತಿದ್ದವು. ಇನ್ನೂ ಒಂದು ವಿಚಿತ್ರ. ಯಾವ ಹಾಳೆ ತೆಗೆದರೂ, ಹೆಸರುಗಳು ಶುರುವಾಗುವ ಜಾಗದಲ್ಲಿ, ಕೂದಲೆಳೆಯಷ್ಟು ಕಪ್ಪು ಗೆರೆ. ಗಾಜಿಗೆ ಗೀರು ಬಿದ್ದಿದೆಯೆಂದು ಧೋತರದ ಚುಂಗಿನಿಂದ ತಿಕ್ಕಿದೆ. ಹೋಗಲಿಲ್ಲ. ಹಾಳೆಯನ್ನು ಕೆಳಗೆ ಸರಿಸಿದರೆ ಹೆಸರುಗಳ ಜೊತೆ ಅದೂ ಸರಿಯಿತು. ಗಾಜಿನ ಮೇಲಿನ ಗೀರು ಹೇಗೆ ಸರಿದೀತು? ಅಂದು ಹೊತ್ತು ಮುಳುಗುವ ಮೊದಲೇ ಅಂಗಡಿಯ ಬಾಗಿಲು ಹಾಕಿದೆ.

ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದೆ. ಸೈಕಲ್ ಪಂಪಿನಿಂದ ಡಬ್ಬಿಯ ಧೂಳು ಹಾರಿಸಿದೆ. ವಿಭೂತಿ ಹಚ್ಚಿದೆ. ಮೇಜನ್ನು ಪೂರ್ವಕ್ಕೆ ತಿರುಗಿಸಿದೆ. ಬೆಳಗಾವಿಯಿಂದ ಹೊಸ ಮೆಮೊರಿ ತರಿಸಿ ಹಾಕಿಸಿದೆ. ಡಬ್ಬಿ ಚುರುಕಾಯಿತು, ಉಳಿದ ಫೈಲುಗಳು ಓಡಿದವು, ಈ ಫೈಲು ಮಾತ್ರ ಬೇನೆ ಬಿದ್ದವರಂತೆ ಹಾಸಿಗೆ ಬಿಡಲಿಲ್ಲ. ಕೊನೆಗೆ ನಾಜಿಮಾಳನ್ನು ಕರೆಸಿದೆ. ಟೆಂಪೋ ಓಡಿಸುವ ಮೆಹಬೂಬಸಾಬನ ಸೊಸೆ. ನಮ್ಮ ಓಣಿಯಲ್ಲೇ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಮಾತು ಕಡಿಮೆ.

ಅವಳು ಮೊದಲು ಫೈಲಿನ ಒಂದು ನಕಲು ತೆಗೆದಿಟ್ಟಳು. ಆಮೇಲೆ ಎರಡು ಗುಂಡಿ ಕೂಡಿಸಿ ಒತ್ತಿದಳು. ಹಾಳೆ ದಬದಬನೆ ಕೆಳಗಿಳಿದು ಅರವತ್ತೈದು ಸಾವಿರದಾಚೆಗಿನ ಸಾಲಿಗೆ ಹೋಗಿ ನಿಂತಿತು.

"ಕಾಕಾರ, ನಿಮ್ಮ ಯಾದಿ ಎಂಟನೂರ ಸಾಲಿಗೆ ಮುಗೀತೈತಿ. ಮತ್ತ ಇಲ್ಲೀತನಾ ಹಳದಿ ಯಾಕ ಬಳದೀರಿ?"

ಲಗ್ನ ನಿಶ್ಚಯವಾದವರ ಹೆಸರನ್ನು ನಾನು ಎಂದೂ ಹೊಡೆದುಹಾಕುವುದಿಲ್ಲ. ಶುಭವಾದ ಹೆಸರಿಗೆ ಕಾಟು ಹಾಕಬಾರದು. ವಹಿಯಲ್ಲಿದ್ದಾಗ ಅರಿಸಿಣದ ಬೊಟ್ಟು ಹಚ್ಚುತ್ತಿದ್ದೆ, ಕಂಪ್ಯೂಟರ್ ಬಂದ ಮೇಲೆ ಹಳದಿ ಬಣ್ಣ. ಒಂದು ದಸರೆಯಲ್ಲಿ, ಬರುವವರಿಗೂ ಇರಲಿ ಎಂದು, ತಳದ ತನಕ ಬಳಿದುಬಿಟ್ಟಿದ್ದೆ. ಹಾಗೆ ಹೇಳಿದಾಗ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಖಾಲಿ ಸಾಲುಗಳ ಅರಿಸಿಣವನ್ನೆಲ್ಲ ತೊಳೆದಳು. ಫೈಲು ತುಸು ಹಗುರಾಯಿತು, ಆದರೆ ಏಳಲಿಲ್ಲ. ಅರ್ಧ ಹಾಳೆಗಳನ್ನು ಬೇರೆ ಮಾಡಿ ನೋಡಿದಳು, ಅದರ ಅರ್ಧ, ಮತ್ತೆ ಅದರ ಅರ್ಧ. "ಹಿಂದಿನ ಹಾಳಿಗಿಂತ ಮುಂದಿನ ಹಾಳಿ ಭಾರ ಅದಾವ್ರಿ" ಅಂದಳು. "ಕಾಣಲಾರದ್ದು ಏನೋ ಕುಂತೈತಿ."

ನಾನು ಎಲೆಚೀಲ ಹುಡುಕುವವನಂತೆ ಆ ಕಡೆ ತಿರುಗಿದೆ.

ಅವಳು ಇನ್ನೊಂದು ಗುಂಡಿ ಒತ್ತಿ, ಹಾಳೆಯ ಮೇಲೆ ಅಂಟಿಸಿದ್ದನ್ನೆಲ್ಲ ಆರಿಸು ಎಂದು ಕಂಪ್ಯೂಟರಿಗೆ ಹೇಳಿದಳು. ಆ ಕಪ್ಪು ಗೆರೆಯ ಮೇಲೆ ಸಣ್ಣ ಬಿಳಿ ಗುಂಡುಗಳು ಎದ್ದವು, ಒಂದರ ಮೇಲೊಂದು, ಅಕ್ಷತೆ ಸುರಿದಂತೆ. ಅದರಲ್ಲಿ ಒಂದನ್ನು ಹಿಡಿದು ಕೆಳಗೆ ಎಳೆದಳು. ಮೊದಲು ಬೈತಲೆ ಬಂತು. ಆಮೇಲೆ ಹಣೆ, ಹುಬ್ಬು, ಕಣ್ಣು. ನಗೆಯನ್ನು ತಡೆದುಕೊಂಡ ತುಟಿ. ನಿಮ್ಮವ್ವನ ಹಸಿರು ಇಳಕಲ್ ಸೀರೆಯ ಅಂಚು. 1998ರಲ್ಲಿ ಇಲ್ಲಿಯ ಸ್ಟುಡಿಯೋದಲ್ಲಿ ನಾನೇ ಕೂರಿಸಿ ತೆಗೆಸಿದ ನಿನ್ನ ಫೋಟೋ. ನಾಜಿಮಾ ಅದನ್ನು ಬದಿಗೆ ಸರಿಸಿದಳು. ಅದರ ಕೆಳಗಿನ ಗೆರೆಯನ್ನು ಎಳೆದಳು. ಮತ್ತೆ ಬೈತಲೆ, ಮತ್ತೆ ಹಣೆ. ಐದನೆಯದಕ್ಕೆ ನಾನು "ಸಾಕವ್ವಾ" ಅಂದೆ. ಅವಳು ನಿಲ್ಲಿಸಲಿಲ್ಲ, ಎಣಿಸಿದಳು.

"ಈಕಿ ಯಾರ್ರಿ ಕಾಕಾರ?"

"ಆಕಿದು ನಿಶ್ಚೆ ಆಗೇತವ್ವಾ. ರಾಮದುರ್ಗದಾಗ." ನಾಲಿಗೆ ತಾನೇ ಹೇಳಿಬಿಟ್ಟಿತು.

ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು, "ತೊಂಬತ್ನಾಕ ಸರ್ತಿ ನಿಶ್ಚೆ ಆಗೇತೇನ್ರಿ?"

ಹೇಗೆ ತೊಂಬತ್ನಾಲ್ಕು ಎಂದು ಹೇಳುತ್ತೇನೆ ಕೇಳು. ಹೊಸ ಮನೆತನದವರು ಅಂಗಡಿಗೆ ಬಂದಾಗಲೆಲ್ಲ ಅವರ ಹೆಸರಿನಲ್ಲಿ ಒಂದು ಹಾಳೆ ಮಾಡುತ್ತಿದ್ದೆ. ಹೊಸದಾಗಿ ಮಾಡಲು ಬಾರದು, ಹಿಂದಿನ ಹಾಳೆಯನ್ನೇ ನಕಲು ತೆಗೆದು ಹೆಸರು ಬದಲಿಸುತ್ತಿದ್ದೆ. ಎಲ್ಲಕ್ಕೂ ಮೇಲಿನ ಸಾಲಿನಲ್ಲಿ ನಿನ್ನ ಫೋಟೋ ಇಡುತ್ತಿದ್ದೆ. ಅವರು ಎದ್ದು ಹೋದ ಮೇಲೆ ಆ ಸಾಲನ್ನು ಅಳಿಸುತ್ತಿದ್ದೆ. ಸಾಲು ಅಳಿಸಿದರೆ ಅಕ್ಷರ ಹೋಗುತ್ತದಂತೆ, ಫೋಟೋ ಹೋಗುವುದಿಲ್ಲವಂತೆ. ಎತ್ತರ ಕಳೆದುಕೊಂಡು ಗೆರೆಯಾಗಿ ಅಲ್ಲೇ ಬಿದ್ದಿರುತ್ತದೆ, ಮುಂದಿನ ನಕಲಿನಲ್ಲಿ ಅದೂ ಬರುತ್ತದೆ. ಮೊದಲ ಹಾಳೆಯಲ್ಲಿ ಒಂದು, ಎರಡನೆಯದರಲ್ಲಿ ಎರಡು, ಕೊನೆಯದರಲ್ಲಿ ತೊಂಬತ್ನಾಲ್ಕು. ಎಲ್ಲ ಕೂಡಿದರೆ ನಾಲ್ಕು ಸಾವಿರದ ನಾಲ್ಕುನೂರ ಅರವತ್ತೈದು. ನಾಜಿಮಾ ಕಂಪ್ಯೂಟರಿಗೆ ಹೇಳುವ ಮೊದಲೇ ನಾನು ಬಾಯಲ್ಲಿ ಕೂಡಿಸಿದ್ದೆ, ನೇಸರಗಿ ಮಾಸ್ತರು ಹೊಡೆದು ಕಲಿಸಿದ ಲೆಕ್ಕ. ಉತ್ತರ ಸರಿ ಬಂದದ್ದಕ್ಕೆ ಹೆದರಿಕೆಯಾದದ್ದು ಜೀವಮಾನದಲ್ಲಿ ಅದೇ ಮೊದಲು.

ಈಗ ಮುಚ್ಚಿಟ್ಟದ್ದನ್ನು ಬಿಚ್ಚುತ್ತೇನೆ. ನಿಮ್ಮಪ್ಪ ತೀರಿಕೊಂಡಾಗ ನಿನ್ನ ಲಗ್ನದ ಜವಾಬ್ದಾರಿ ನನ್ನ ಮೇಲೆ ಬಿತ್ತು. ಫೋಟೋ ತೆಗೆಸಿದ್ದು ನಿನಗೆ ವರ ನೋಡಲೆಂದೇ, ಅದರಲ್ಲಿ ಕಪಟವಿರಲಿಲ್ಲ. ಮೊದಲು ನೋಡಿದವರು ನೇಸರಗಿಯ ಮಂದಿ. ಅಲ್ಲೇ ಒಪ್ಪಿದರು. ಹುಡುಗನ ಹಲ್ಲು ನನಗೆ ಹಿಡಿಸಲಿಲ್ಲ. ನೇರ ಬೇಡ ಅನ್ನಲಾಗದೆ "ಆಕಿದು ನಿಶ್ಚೆ ಆಗೇತ್ರಿ" ಅಂದೆ. ಬಂದ ಕಾಲಿಗೆ ಬರಿಗೈಲಿ ಹೋಗಬಾರದೆಂದು ಅವರು ಇನ್ನೊಂದು ಹುಡುಗಿಯನ್ನು ಆರಿಸಿದರು, ಆ ಲಗ್ನ ಆಯಿತು, ನನಗೆ ಧೋತರ ರುಮಾಲು ಬಂತು. ಸೀರೆ ಅಂಗಡಿಯವರು ಗಾಜಿನ ಕಪಾಟಿನಲ್ಲಿ ಒಂದು ಸೀರೆಯನ್ನು ನೆರಿಗೆ ಹಿಡಿದು ಇಡುತ್ತಾರಲ್ಲ, ಮಾರಾಟಕ್ಕಲ್ಲ, ಒಳಗೆ ಕರೆಯಲಿಕ್ಕೆ. ಆಮೇಲೆ ನಿನ್ನನ್ನು ಹಾಗೆ ಇಟ್ಟೆ. ನಿನಗೆ ತಕ್ಕ ವರ ಬರಲಿ, ಅಲ್ಲಿಯವರೆಗೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಬಂದವರಲ್ಲಿ ತಕ್ಕವರು ಇದ್ದರು. ಆದರೆ ಅಷ್ಟರಲ್ಲಿ ನನ್ನ ಹೆಸರು ಬೆಳೆದಿತ್ತು, 'ನಿಜಗುಣಪ್ಪನ ಹಂತ್ಯಾಕ ಚಂದ ಚಂದ ಕನ್ಯಾ ಅದಾವು' ಎಂದು ಊರೂರಲ್ಲಿ ಮಾತಾಗಿತ್ತು. ಆ ಮಾತು ನಿನ್ನ ಮುಖದ ಮೇಲೆ ನಿಂತಿತ್ತು.

ಪ್ರತಿ ಪಂಚಮಿಗೆ ಮುನವಳ್ಳಿಗೆ, ನಿಮ್ಮ ಮನೆಗೆ ಬರುತ್ತಿದ್ದೆ. ನೀನು ನೀರಿನ ತಂಬಿಗೆ ಕೊಡುತ್ತ, ನನ್ನನ್ನಲ್ಲ, ತಂಬಿಗೆಯನ್ನು ನೋಡುತ್ತ ಕೇಳುತ್ತಿದ್ದೆ, "ಕಾಕಾ, ಯಾರರೆ ಕೇಳಿದ್ರೇನು?"

ನಾನು ಅನ್ನುತ್ತಿದ್ದೆ, "ತೋರಸಾಕ ಹತ್ತೇನವಾ. ಯಾರೂ ಬಾಯಿ ಬಿಡವಲ್ರು."

ಅದೇ ಮಾತನ್ನು ನಿಮ್ಮವ್ವನಾದ ವೈನಿಗೂ ಹೇಳಿದೆ. ಅದನ್ನು ಕೇಳಿಯೇ ಅವರು ನಿನ್ನ ಲಗ್ನ ಆಗುವವರೆಗೆ ಕಾಲಿಗೆ ಚಪ್ಪಲಿ ಹಾಕುವುದಿಲ್ಲ ಎಂದು ಹರಕೆ ಹೊತ್ತದ್ದು. ಒಂಬತ್ತು ಬೇಸಿಗೆ ಆ ಕಾಲು ಡಾಂಬರಿನ ಮೇಲೆ ನಡೆದದ್ದನ್ನು ನೋಡಿದ್ದೇನೆ. 2004ರ ಪಂಚಮಿಗೆ ನೀನು ಕೇಳುವುದನ್ನು ಬಿಟ್ಟೆ. ಉಂಡಿ ಕೊಟ್ಟೆ, ನೀರು ಕೊಟ್ಟೆ, ಒಳಗೆ ಹೋದೆ. ನಿಜ ಹೇಳುತ್ತೇನೆ, ಅಂದು ನನಗೆ ಹಗುರೆನಿಸಿತು. ಇನ್ನು ಸುಳ್ಳು ಹೇಳುವ ಕೆಲಸವಿಲ್ಲ ಎಂದುಕೊಂಡೆ.

ಸುಭಾಸನ ಮಾತು ಬಿಟ್ಟರೆ ಈ ಪತ್ರವೂ ಸುಳ್ಳಾಗುತ್ತದೆ. ನವಿಲುತೀರ್ಥದಲ್ಲಿ ಡ್ಯಾಮಿನ ಗೇಟುಗಳ ಫಿಟರ್ ಆಗಿದ್ದನಲ್ಲ, ಉದ್ದನೆಯ ಹುಡುಗ, ನೀನು ಹೊಲಿಗೆ ಕಲಿಸಲು ಹೋಗುವ ದಾರಿಯಲ್ಲೇ ಅವನ ಕ್ವಾರ್ಟರ್ಸು. ಅವನು ಮೂರು ಸಲ ನಿನ್ನನ್ನು ಕೇಳಲು ಬಂದ. ಮೂರನೆಯ ಸಲ ಒಬ್ಬನೇ ಬಂದು "ನಿಶ್ಚೆ ಮುರದ್ರ ನನಗೊಂದ ಮಾತ ತಿಳಸ್ರಿ" ಅಂದ. ನಾನು ಅವನಿಗೆ ಸವದತ್ತಿಯ ಹುಡುಗಿಯನ್ನು ಕೂಡಿಸಿದೆ. ಆ ಲಗ್ನಕ್ಕೆ ನಿನ್ನನ್ನೂ ವೈನಿಯನ್ನೂ ನಾನೇ ಕರೆದುಕೊಂಡು ಹೋಗಿದ್ದೆ, ಜಂಬ ನೋಡು. ಪಂಕ್ತಿಯಲ್ಲಿ ನೀನು ಹೋಳಿಗೆ ಬಡಿಸುತ್ತ ಮದುಮಗನ ಮುಂದೆ ಬಂದೆ. ಅವನು ಮೊದಲು ನಿನ್ನ ಮುಖ ನೋಡಿದ. ಆಮೇಲೆ ನಿನ್ನ ಬರಿಗೊರಳು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಬಾಜಾ ಬಾರಿಸುವವರ ಕಡೆ ತಿರುಗಿದೆ. ನೀನು "ಇನ್ನೊಂದ ನೀಡಲ್ರಿ?" ಎಂದು ಕೇಳಿದ್ದು ನನಗೆ ಕೇಳಿಸಿತು. ಈಗ ನಾಜಿಮಾ ಒಂದೊಂದಾಗಿ ಗೆರೆ ಎಳೆಯುವಾಗ ಪ್ರತಿ ಮುಖವೂ ಅದನ್ನೇ ಕೇಳಿದಂತಾಯಿತು.

ತೊಂಬತ್ನಾಲ್ಕು ಮನೆತನಗಳಲ್ಲಿ ಎಪ್ಪತ್ತೊಂದು ಮನೆತನ ನಿನ್ನನ್ನೇ ಕೇಳಿದ್ದವು, ಉಳಿದವರು ಬಾಯಿ ತೆರೆಯುವ ಮೊದಲೇ ನಿಶ್ಚೆ ಆಗೇತಿ ಅಂದುಬಿಟ್ಟಿದ್ದೆ. ಷರಾ ಬರೆಯುವ ಕಾಲಮಿನಲ್ಲಿ 'ಕೇಳಿದರು' ಎಂದು ನನ್ನ ಕೈಯಿಂದಲೇ ಬರೆದಿದ್ದೇನೆ. ಹೆಮ್ಮೆಗೆ ಬರೆದದ್ದು.

ನಾಜಿಮಾ ಅಂದಳು, "ಒಂದ ಗುಂಡಿ ಒತ್ತಿದ್ರ ಎಲ್ಲಾ ಹೋಗ್ತಾವ್ರಿ, ಫೈಲ ಹಗರಾಕ್ಕೈತಿ. ಆದ್ರ ನಾ ಒತ್ತಂಗಿಲ್ಲ." ಹಳೆಯ ಫೈಲನ್ನು ಇದ್ದಂತೆಯೇ ಸಿಡಿಯಲ್ಲಿ ಹಾಕಿಕೊಡಲು ಹೇಳಿದೆ. ಅಂಗಡಿಯ ಫೈಲಿನಲ್ಲಿ ನಾನೇ ಒತ್ತಿದೆ. ಹಾಳೆಯಿಂದ ಹಾಳೆಗೆ, ತೊಂಬತ್ನಾಲ್ಕು ಸಲ. ಈಗ ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಆದರೂ ಬೆಳಿಗ್ಗೆ ಕೂತೊಡನೆ ನನ್ನ ಕೈ ಧೋತರದ ಚುಂಗು ಹಿಡಿದು ಆ ಜಾಗವನ್ನು ತಿಕ್ಕುತ್ತದೆ. ಅಲ್ಲಿ ಏನೂ ಇಲ್ಲ.

ಹೋದ ಗುರುವಾರ ಕಿತ್ತೂರಿನ ಸಾವಂತ್ರೆವ್ವ ಬಂದಿದ್ದಳು. ಹಿಂದೆ ಹಿರಿಯ ಮಗನಿಗೆ ನಿನ್ನನ್ನು ಕೇಳಿ ಬೇರೆ ಸೊಸೆಯನ್ನು ಒಯ್ದವಳು. ಈಗ ಕಿರಿಯವನಿಗೆ ನೋಡಲು ಬಂದು, ಕೂತ ಕೂಡಲೇ, "ಆವಾಗ ಹಸರ ಸೀರ್ಯಾಗ ಒಂದ ಹುಡಿಗಿ ತೋರ್ಸಿದ್ರೆಲ್ಲ, ಅಂಥಾಕಿ ಬೇಕ್ರಿ" ಅಂದಳು.

ನಾಲಿಗೆಯ ಮೇಲೆ ಹಳೆಯ ಮಾತು ಸಿದ್ಧವಾಗಿತ್ತು. ನುಂಗಿಕೊಂಡೆ. "ಅಂಥಾಕಿ ಯಾಕವ್ವಾ, ಆಕೀನ ಅದಾಳ. ನಮ್ಮಣ್ಣನ ಮಗಳು. ಲಗ್ನ ಆಗಿಲ್ಲ. ಈಗ ಮೂವತ್ತೊಂದು. ಹೂಂ ಅನ್ನೂದು ಆಕಿಗೆ ಬಿಟ್ಟದ್ದು, ಬೇಕಂದ್ರ ಕೇಳಿ ಹೇಳತೇನಿ" ಅಂದೆ.

"ಮತ್ತ ಆವಾಗ ನಿಶ್ಚೆ ಆಗೇತಿ ಅಂದಿದ್ರಿ?"

"ಸುಳ್ಳ ಹೇಳಿದ್ದೆ."

ಅವಳು ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಮೂವತ್ತೊಂದರ ತನಾ ಮನ್ಯಾಗ ಕುಂತಾಳಂದ್ರ ಏನರೆ ಐಬು ಇರಬೇಕ್ರಿ."

"ಐಬು ನಂದವ್ವಾ" ಅಂದೆ. ಅವಳು ನಂಬಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು, "ಬ್ಯಾಡ ಬಿಡ್ರಿ" ಎಂದು ಎದ್ದು ಹೋದಳು.

ಅವಳು ಮೆಟ್ಟಿಲು ಇಳಿದ ಮೇಲೆ ನನಗೆ ಹೊಳೆಯಿತು. ಹತ್ತು ವರ್ಷ ನೀನು ಮಂದಿಗೆ ಬೇಡವಾದವಳೆಂದು ತಿಳಿದು ಬದುಕಿದೆ. ಅಷ್ಟು ವರ್ಷದಲ್ಲಿ ನಿನ್ನನ್ನು ಬೇಡ ಎಂದವರು ಒಬ್ಬರೂ ಇರಲಿಲ್ಲ. ಮೊದಲ 'ಬ್ಯಾಡ' ಬಂದದ್ದು ಹೋದ ಗುರುವಾರ. ಅದನ್ನೂ ನಿನಗೆ ನಾನೇ ತಂದೆ, ಬಾಯಿ ತೆರೆದು ನಿಜ ಹೇಳಿದ ದಿನವೇ.

ಕ್ಷಮೆ ಕೇಳಲು ಈ ಪತ್ರ ಬರೆದಿಲ್ಲ. ಕೇಳಿದರೆ ಅದಕ್ಕೂ ನೀನು ಉತ್ತರ ಕೊಡಬೇಕಾಗುತ್ತದೆ. ಆ ಎಪ್ಪತ್ತೊಂದು ಹೆಸರುಗಳನ್ನು ಇದರಲ್ಲಿ ಇಟ್ಟಿಲ್ಲ. ಬೇಕೆಂದರೆ ಬರೆದು ಕಳಿಸುತ್ತೇನೆ, ಬೇಡವಾದರೆ ಸಿಡಿಯನ್ನೇ ನಿನಗೆ ಕಳಿಸುತ್ತೇನೆ, ಮುರಿದು ಹಾಕು. ವೈನಿಗೆ ಓದಲು ಬರುವುದಿಲ್ಲ. ಅವರಿಗೆ ಎಷ್ಟು ಓದಿ ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ನಿನಗೆ ಬಿಟ್ಟದ್ದು. ಈ ಪಂಚಮಿಗೆ ನಾನು ಬಂದಿಲ್ಲ, ಏಕೆಂದು ಈಗ ನಿನಗೆ ತಿಳಿದಿರಬೇಕು. ನೀನು ಕರೆಯುವವರೆಗೆ ಮುನವಳ್ಳಿಯ ಬಸ್ಸು ಹತ್ತುವುದಿಲ್ಲ.

ಹಿರಿಯನಾದವನು ಕೊನೆಯಲ್ಲಿ ಹರಸಬೇಕು. ನನಗೆ ಬರುವ ಹರಕೆಗಳೆಲ್ಲ ಲಗ್ನದವು, ಅವನ್ನು ನಿನಗೆ ಕೊಡಲು ನಾಚಿಕೆ. ಅದಕ್ಕೇ ಒಂದನ್ನು ಹೊಸದಾಗಿ ಮಾಡಿದ್ದೇನೆ: ಇನ್ನು ಮುಂದೆ ಯಾರು ಏನು ಕೇಳಿದರೂ, ನಿನ್ನ ಪರವಾಗಿ ಉತ್ತರ ಕೊಡುವವರು ಒಬ್ಬರೂ ಇಲ್ಲದಿರಲಿ.

ನಿನ್ನ ತಂದೆಯ ತಮ್ಮ,
ನಿಜಗುಣಪ್ಪ