ಮಂಟಪ ಮಾರಬೇಡ ಅಪ್ಪಾ

ತೈಪೆ, ಮಂಗಳವಾರ

ಅಪ್ಪಾ,

ಭಾನುವಾರ ಬರುವ ವ್ಯಾಪಾರಿಗೆ ಚಹಾ ಕೊಟ್ಟು ಹಾಗೇ ಕಳಿಸಿಬಿಡು. ನನಗೆ ವಿಡಿಯೋ ಸಂಕಲನದ ಯಂತ್ರ ಕೊಡಿಸಲು ಅಜ್ಜನ ಕಾಲದ ಗೊಂಬೆಯಾಟದ ಮಂಟಪವನ್ನೇ ಮಾರಲು ಹೊರಟಿದ್ದೀಯಂತೆ, ಅಮ್ಮ ಫೋನಿನಲ್ಲಿ ಹೇಳಿದಳು.

ಸಂಕಲನದ ಸಾಫ್ಟ್‌ವೇರ್ ಇಷ್ಟು ದಿನ ಅದನ್ನು ತಯಾರಿಸುವ ಕಂಪನಿಯ ಸ್ವಂತ ಯಂತ್ರದಲ್ಲಷ್ಟೇ ನಡೆಯುತ್ತಿತ್ತು. ಎರಡೂ ಸೇರಿದರೆ ಒಂದು ಕಾರಿನ ಬೆಲೆ. ಹೋದ ವಾರ ಮುಂಗಡ ಕೊಡಲು ಹೋದಾಗ ಅಂಗಡಿಯ ಗುವೋ ಅಣ್ಣ ನಕ್ಕುಬಿಟ್ಟ.

"ಆ ಪೆಟ್ಟಿಗೆ ಯಾಕೆ ಹುಡುಗಿ? ಈಗ ಸಾಫ್ಟ್‌ವೇರ್ ಒಂದನ್ನೇ ತಿಂಗಳ ಬಾಡಿಗೆಗೆ ಕೊಡ್ತಾರೆ. ನಿನ್ನ ಹಳೇ ಕಂಪ್ಯೂಟರಲ್ಲೇ ಓಡುತ್ತೆ."

"ಸುಮ್ನೆ ಹೇಳ್ಬೇಡಿ, ಓಡಿಸಿ ತೋರಿಸಿ" ಅಂದೆ. ತೋರಿಸಿದ. ಬಾಡಿಗೆ ನನ್ನ ಸಂಬಳದಲ್ಲೇ ಆಗುತ್ತದೆ.

ಮನೆಗೆ ಬಂದವಳೇ ಹೋದ ವರ್ಷದ ನಿನ್ನ ಗೊಂಬೆಯಾಟದ ವಿಡಿಯೋವನ್ನು ಅದರಲ್ಲಿ ಕತ್ತರಿಸಿ ಜೋಡಿಸಿದೆ. ಕಂಪ್ಯೂಟರ್ ಏದುಸಿರು ಬಿಟ್ಟಿತು, ಆದರೆ ನಿಲ್ಲಲಿಲ್ಲ. ಅದನ್ನು ನೋಡಿದ ಟಿವಿಯವರು ಮಕ್ಕಳ ಕಾರ್ಯಕ್ರಮಕ್ಕೆ ಇಂಥವೇ ಇನ್ನಷ್ಟು ಬೇಕು ಅಂದಿದ್ದಾರೆ.

ಮುಂದಿನ ತಿಂಗಳು ಕ್ಯಾಮೆರಾ ಹಿಡಿದು ಬರುತ್ತೇನೆ. ಅಲ್ಲಿಯವರೆಗೆ ಗೊಂಬೆ ಕುಣಿಸುವ ಮಣಿಕಟ್ಟಿಗೆ ದಿನಾ ಎಣ್ಣೆ ಹಚ್ಚಿಕೊಳ್ಳುತ್ತಿರು. ನಿನ್ನ ಆಟದ ಹುಲಿಯ ಕಾಳಗವನ್ನು ಎರಡು ಸಲ ಆಡಬೇಕಾಗುತ್ತದೆ: ಒಮ್ಮೆ ಊರಿನವರಿಗೆ, ಒಮ್ಮೆ ನನಗೆ.

ನಿನ್ನ ಮಗಳು,
ಶಿಯಾಂಗ್-ಯೀ